ಒಡೆದ ಪೈಪಿನ ತುಂಡು ಎಸೆಯಬೇಡಿ: ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನಮ್ಮ ಕ್ಲೇಮ್

ಏಪ್ರಿಲ್ 17ರ ರಾತ್ರಿ ಗದಗಿನಲ್ಲಿ ಮದುವೆ ಮುಗಿಸಿಕೊಂಡು ಧಾರವಾಡಕ್ಕೆ ವಾಪಸ್ ಬಂದೆವು. ಬೀಗ ತೆಗೆಯುವ ಮೊದಲೇ ಹೊಸ್ತಿಲು ದಾಟಿ ನೀರು ಬರುತ್ತಿತ್ತು. ಒಳಗೆ ಕಾಲಿಟ್ಟರೆ ಪಡಸಾಲೆಯಲ್ಲಿ ಪಾದ ಮುಳುಗುವಷ್ಟು ನೀರು. ಮಲಗುವ ಕೋಣೆಯ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಚಾವಣಿಯಲ್ಲಿ ಅರ್ಧದಷ್ಟು ಕಳಚಿ ಗಾದಿಯ ಮೇಲೆ ಬಿದ್ದಿತ್ತು. ನಮ್ಮ ಅತ್ತೆ ಬಾಗಿಲಲ್ಲೇ ಕೂತುಬಿಟ್ಟರು.

ಆಗಿದ್ದು ಇಷ್ಟು. ಮೇಲಿನ ಕೋಣೆಯ ಹೊರಗೆ ಒಂದು ವಾಶ್ ಬೇಸಿನ್ ಇದೆ. ಅದರ ಕನೆಕ್ಷನ್ ಪೈಪ್ ನಟ್ಟಿನ ಹತ್ತಿರ ಸೀಳಿತ್ತು. ಅಲ್ಲಿ ನೀರು ಹೋಗಲು ಮೋರಿ ಇಲ್ಲ. ಹಾಗಾಗಿ ಟಾಕಿಯ 1000 ಲೀಟರ್ ನೀರು ಮೆಟ್ಟಿಲ ಮೇಲೆ ಹರಿದು ಕೆಳಗಿಳಿದಿತ್ತು. ನಮ್ಮ ಓಣಿಗೆ ಆಗ ಆರು ದಿನಕ್ಕೊಮ್ಮೆ ನೀರು. ಊರಿಗೆ ಹೋಗುವಾಗ ಪಕ್ಕದ ಮನೆಯ ಅಕ್ಕನಿಗೆ, ನೀರು ಬಂದರೆ ಮೋಟಾರ್ ಹಾಕಿ ಎಂದು ಹೇಳಿ ಹೋಗಿದ್ದೆವು. ಮೋಟಾರಿನ ಸ್ವಿಚ್ ಹೊರಗೆ ವರಾಂಡದಲ್ಲಿದೆ. ಪಾಪ, ಅವರು ಬೆಳಗ್ಗೆ ಟಾಕಿ ತುಂಬಿಸಿದರು. ಸಂಜೆ ನೋಡಿದರೆ ಮತ್ತೆ ಖಾಲಿ. ಇನ್ನೊಮ್ಮೆ ತುಂಬಿಸಿದರು. ಬೇಸಿಗೆಯಲ್ಲಿ ಕೊಡ ಕೊಡ ಲೆಕ್ಕ ಹಾಕಿ ಬಳಸುವ ನೀರು, ಅಷ್ಟೂ ನಮ್ಮ ಮನೆಯೊಳಗೇ ಬಂತು. ಅವರು ಅತ್ತಿದ್ದನ್ನು ನಾನು ಮರೆತಿಲ್ಲ. ಅವರದೇನೂ ತಪ್ಪಿಲ್ಲ.

ನಮಗೆ ಮನೆ ವಿಮೆ ಇತ್ತು. 2022ರಲ್ಲಿ ಬ್ಯಾಂಕಿನ ಸಾಲ ತೆಗೆದುಕೊಂಡಾಗ ಮಾಡಿಸಿದ್ದು. ಹೆಸರು ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್ 1ರಿಂದ ಐಆರ್‌ಡಿಎಐ, ಅಂದರೆ ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ, ಜಾರಿಗೆ ತಂದ ಪಾಲಿಸಿ ಇದು. ಯಾವ ಕಂಪನಿಯಲ್ಲಿ ಕೊಂಡರೂ ಮೂಲ ಷರತ್ತುಗಳು ಒಂದೇ. ಅದಕ್ಕೇ ನಾನು ಕಂಪನಿಯ ಹೆಸರು ಬರೆಯುತ್ತಿಲ್ಲ. ಪಾಲಿಸಿ ಬೇರೆ, ಅದನ್ನು ನಡೆಸುವವರ ರೀತಿ ಬೇರೆ. ಎರಡಕ್ಕೂ ಬೇರೆ ಬೇರೆ ಅಂಕ ಕೊಡುತ್ತೇನೆ. ಪಾಲಿಸಿಗೆ ಐದಕ್ಕೆ ನಾಲ್ಕು. ನಮ್ಮ ಕಂಪನಿಯ ಸೇವೆಗೆ ಎರಡು.

ಮೊದಲು ಪಾಲಿಸಿಯ ಮಾತು. ನಮ್ಮ ಕಟ್ಟಡಕ್ಕೆ 24 ಲಕ್ಷದ ವಿಮೆ. ಇದು ಜಾಗದ ಬೆಲೆ ಸೇರಿಸಿ ಅಲ್ಲ, ಮತ್ತೆ ಕಟ್ಟಲು ತಗಲುವ ಖರ್ಚು ಮಾತ್ರ. ಮನೆಯೊಳಗಿನ ಸಾಮಾನಿಗೆ ಬೇರೆ ಬರೆಸದಿದ್ದರೂ ಕಟ್ಟಡದ ಮೊತ್ತದ ಶೇ. 20ರಷ್ಟು, ಹೆಚ್ಚೆಂದರೆ 10 ಲಕ್ಷ, ತಾನೇ ಸೇರುತ್ತದೆ. ನಮ್ಮ ಲೆಕ್ಕದಲ್ಲಿ 4.8 ಲಕ್ಷ. ಇದು ನಮಗೆ ಗೊತ್ತೇ ಇರಲಿಲ್ಲ! ಕಪಾಟು, ಟಿವಿ ಹೋದವು, ಗೋಡೆಗಷ್ಟೇ ದುಡ್ಡು ಬರುತ್ತದೆ ಅಂದುಕೊಂಡಿದ್ದೆವು. ನಮ್ಮ ಕೈಯಲ್ಲಿದ್ದದ್ದು ಒಂದು ಹಾಳೆಯ ಸರ್ಟಿಫಿಕೇಟ್ ಮಾತ್ರ. ಪೂರ್ತಿ ಪಾಲಿಸಿ ಕಾಗದ ಬ್ಯಾಂಕಿನಲ್ಲಿ ಕೇಳಿ ತರಿಸಿಕೊಂಡೆ. ಸಾಲ ಮಾಡಿ ಮನೆ ಕಟ್ಟಿದವರು ಇದನ್ನು ಇವತ್ತೇ ಕೇಳಿಟ್ಟುಕೊಳ್ಳಿ.

ನೀರಿನ ಟಾಕಿ, ಪೈಪು ಒಡೆದರೆ, ಉಕ್ಕಿದರೆ ಆಗುವ ಹಾನಿಗೆ ಈ ಪಾಲಿಸಿಯಲ್ಲಿ ರಕ್ಷಣೆ ಇದೆ. ಆದರೆ ವರ್ಷಗಟ್ಟಲೆ ಜಿನುಗಿ ಗೋಡೆ ಥಂಡಿ ಹಿಡಿದರೆ ಇಲ್ಲ, ಅದು ಸವೆತ. ನೀರು ಒಮ್ಮೆಲೇ ಬಂತೋ, ಮೆಲ್ಲಗೆ ಬಂತೋ? ನಮ್ಮ ಇಡೀ ಕ್ಲೇಮ್ ಈ ಒಂದು ಪ್ರಶ್ನೆಯ ಮೇಲೆ ನಿಂತಿತು.

ಆ ರಾತ್ರಿಯೇ ಕಂಪನಿಯ ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿದೆ. ಕ್ಲೇಮ್ ನಂಬರ್ ಮೆಸೇಜಿನಲ್ಲಿ ಬಂತು. ಹಾನಿ ಅಂದಾಜು ಮಾಡುವ ಸರ್ವೇಯರ್ ಬರುವವರೆಗೆ ಏನನ್ನೂ ಮುಟ್ಟಬೇಡಿ ಎಂದರು. ಇದು ಸರಿಯಲ್ಲ. ಹಾನಿ ಜಾಸ್ತಿ ಆಗದಂತೆ ನೋಡಿಕೊಳ್ಳುವುದು ಪಾಲಿಸಿದಾರರ ಕೆಲಸ ಎಂದು ಪಾಲಿಸಿಯಲ್ಲೇ ಇದೆ. ಏಪ್ರಿಲ್ ಸೆಕೆಯಲ್ಲಿ ನೆನೆದ ಗಾದಿ ನಾಲ್ಕು ದಿನ ಕೋಣೆಯಲ್ಲಿದ್ದರೆ ಮನೆಯಲ್ಲಿ ಇರಲಿಕ್ಕಾಗುತ್ತದಾ? ನಾವು ಮೊದಲು ಮೇನ್ ಸ್ವಿಚ್ ಬಂದ್ ಮಾಡಿದೆವು. ಟಾರ್ಚ್ ಹಿಡಿದು ಪ್ರತಿ ಕೋಣೆಯ ವಿಡಿಯೊ ತೆಗೆದೆ. ಗೋಡೆಗೆ ಸ್ಕೇಲು ಹಿಡಿದು ನೀರಿನ ಮಟ್ಟದ ಫೋಟೊ ತೆಗೆದೆ. ಆಮೇಲೆ ನೀರು ಬಳಿದೆವು. ಕೆಟ್ಟ ಸಾಮಾನನ್ನು ಎಸೆಯದೆ ಹಿತ್ತಲಲ್ಲಿ ತಾಡಪತ್ರಿ ಹೊದಿಸಿ ಇಟ್ಟೆವು.

ಮರುದಿನ ಪ್ಲಂಬರ್ ಬಂದ. ಹೊಸ ಪೈಪ್ ಹಾಕಿ, ಹಳೆಯದನ್ನು ಕಸದ ಬುಟ್ಟಿಗೆ ಹಾಕಿ ಹೋದ. ನಮಗೂ ಅದರ ಕಡೆ ಲಕ್ಷ್ಯ ಹೋಗಲಿಲ್ಲ. ಅತ್ತೆಯೇ ಬುಟ್ಟಿಯಿಂದ ತೆಗೆದು, "ಯಾರರ ಕೇಳಿದ್ರ ತೋರಸಾಕ ಬೇಕಾಗತೈತಿ, ಇರಲಿ ಬಿಡು" ಎಂದು ಒಂದು ಡಬ್ಬಿಗೆ ಹಾಕಿಟ್ಟರು. ಅವರು ಶಾಲೆಗೆ ಹೋದವರಲ್ಲ. ನಮ್ಮ ಕ್ಲೇಮ್ ಉಳಿಸಿದವರು ಅವರೇ.

ನಾಲ್ಕನೇ ದಿನ ಹುಬ್ಬಳ್ಳಿಯಿಂದ ಸರ್ವೇಯರ್ ಬಂದರು. ಇಪ್ಪತ್ತು ನಿಮಿಷ ಇದ್ದರು. ಮಲಗುವ ಕೋಣೆಯ ಮೂಲೆಯಲ್ಲಿ ಒಂದು ಹಳೆಯ ಕಲೆ ಇತ್ತು, ಮಳೆಗಾಲದ್ದು, ಅಂಗೈ ಅಗಲದ್ದು. ಅದನ್ನು ನೋಡಿದ ಕೂಡಲೇ "ಇದು ಹಳೇ ಸೀಪೇಜ್ ಐತ್ರಿ ಮೇಡಂ" ಎಂದರು. ಸೀಪೇಜ್ ಅಂದರೆ ಮೆಲ್ಲಗೆ ಜಿನುಗಿದ ನೀರು. ನೀರು ಒಮ್ಮೆಲೇ ಬಂದದ್ದಕ್ಕೆ ಸಾಕ್ಷಿಯಾಗಿ ನಾನು ಡಬ್ಬಿ ತಂದು ಸೀಳಿದ ಪೈಪ್ ತೋರಿಸಿದೆ. ಫೋಟೊ ತೆಗೆದುಕೊಂಡರು. ಆದರೆ ಸೀಪೇಜ್ ಎಂಬ ಶಬ್ದ ಅವರ ವರದಿಯಲ್ಲಿ ಉಳಿದೇಬಿಟ್ಟಿತು.

ನಾವು ಕೇಳಿದ್ದು 1,30,500 ರೂಪಾಯಿ. ಪ್ಲೈವುಡ್ ಕಪಾಟು 38,000, ಟಿವಿ 27,000, ಇನ್ವರ್ಟರ್ 9,500, ಎರಡು ಗಾದಿ 16,000, ವೈರಿಂಗ್ ಮತ್ತು ಸ್ವಿಚ್ ಬೋರ್ಡ್ 6,000, ಪಿಒಪಿ ಮತ್ತು ಬಣ್ಣ 34,000. ಐದು ವಾರದ ಮೇಲೆ ಕಂಪನಿಯಿಂದ ಬಂದ ಪತ್ರದಲ್ಲಿ 48,300 ಕೊಡುತ್ತೇವೆ ಎಂದಿತ್ತು. ಪಿಒಪಿ, ಬಣ್ಣ ಪೂರ್ತಿ ಹೊಡೆದುಹಾಕಿದ್ದರು, ಸೀಪೇಜ್ ಅಂತ. ಗಾದಿಗೆ ಬಿಲ್ ಇಲ್ಲ ಅಂತ ಸೊನ್ನೆ. ಉಳಿದ ಸಾಮಾನಿಗೆಲ್ಲ ಶೇ. 40 ಸವಕಳಿ, ಅಂದರೆ ಬಳಸಿ ಹಳೆಯದಾಗಿದೆ ಎಂದು ಬೆಲೆಯಲ್ಲಿ ಕಡಿತ. ಆ ಪತ್ರಕ್ಕೆ ಸಹಿ ಮಾಡಿ ಕಳಿಸಿದರೆ ವಾರದಲ್ಲಿ ದುಡ್ಡು ಎಂದು ಫೋನಿನಲ್ಲಿ ಹೇಳಿದರು. ಮನೆಯವರು ಸಹಿ ಮಾಡಿಬಿಡೋಣ ಎಂದರು. ಮಳೆಗಾಲ ಹತ್ತಿರ ಬಂದಿತ್ತು, ಚಾವಣಿ ಬಾಯಿ ತೆರೆದುಕೊಂಡಿತ್ತು. ನಾನು ಒಪ್ಪಲಿಲ್ಲ.

ಎರಡು ರಾತ್ರಿ ಕೂತು ಪಾಲಿಸಿ ಓದಿದೆ. ಸಾಮಾನು ಕೆಟ್ಟರೆ ರಿಪೇರಿ ಖರ್ಚು, ಇಲ್ಲವೇ ಅಂಥದ್ದೇ ಇನ್ನೊಂದು ಕೊಳ್ಳುವ ಖರ್ಚು ಎಂದು ಅದರಲ್ಲಿ ಬರೆದಿದೆ. ಹಾಗಿದ್ದ ಮೇಲೆ ಸವಕಳಿ ಎಲ್ಲಿಂದ ಬಂತು? ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದೀರಿ ಎಂದು ಕ್ಲೇಮ್ ಕಡಿತ ಮಾಡುವ ಹಳೆಯ ಪದ್ಧತಿಯೂ ಇದರಲ್ಲಿಲ್ಲ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಬರೆದೆ. ಪೈಪಿನ ಫೋಟೊ, ಪ್ಲಂಬರ್ ಬರೆದುಕೊಟ್ಟ ಚೀಟಿ, ಪಕ್ಕದ ಅಕ್ಕನ ಸಹಿ ಇರುವ ಹೇಳಿಕೆ ಜೊತೆಗಿಟ್ಟೆ. ಯುಗಾದಿಯ ದಿನ ಅದೇ ಕೋಣೆಯಲ್ಲಿ ಮಕ್ಕಳ ಫೋಟೊ ತೆಗೆದಿದ್ದೆವು. ಅದರಲ್ಲಿ ಚಾವಣಿ ಗಟ್ಟಿಯಾಗಿ, ಬೆಳ್ಳಗೆ ಕಾಣುತ್ತಿತ್ತು. ಅದನ್ನೂ ಕಳಿಸಿದೆ. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದೂರು ದಾಖಲಿಸಿದೆ. ಆನ್‌ಲೈನ್ ಬೇಡ ಎನ್ನುವವರು 155255ಕ್ಕೆ ಫೋನ್ ಮಾಡಬಹುದು.

ಹನ್ನೆರಡನೇ ದಿನ ಕಂಪನಿಯಿಂದ ಫೋನ್ ಬಂತು. ಈ ಸಲ ಬೇರೆ ಸರ್ವೇಯರ್. ಅವರು ಎರಡು ತಾಸು ಇದ್ದರು. ಏಣಿ ಹತ್ತಿ ನೋಡಿದರು, ಹಳೆ ಕಲೆ ಎಷ್ಟು, ಹೊಸ ಹಾನಿ ಎಷ್ಟು ಎಂದು ಟೇಪ್ ಹಿಡಿದು ಅಳೆದರು. ಅಂಥವರೇ ಮೊದಲು ಬಂದಿದ್ದರೆ ನಮಗೆ ಎರಡು ತಿಂಗಳ ಸಂಕಟ ಇರುತ್ತಿರಲಿಲ್ಲ. ಕೊನೆಗೆ 1,12,000 ಬಂತು. ಸವಕಳಿ ಪೂರ್ತಿ ತೆಗೆದರು. ಪಿಒಪಿ, ಬಣ್ಣಕ್ಕೆ 26,000 ಸಿಕ್ಕಿತು, ಹಳೆ ಕಲೆಯ ಭಾಗ ಬಿಟ್ಟು. ಅದು ನ್ಯಾಯವೇ. ಗಾದಿಗೆ ಅರ್ಧ ಕೊಟ್ಟರು. ಕೆಟ್ಟ ಟಿವಿ, ಇನ್ವರ್ಟರ್ ನಮ್ಮಲ್ಲೇ ಉಳಿದದ್ದಕ್ಕೆ 2,500 ಕಳೆದರು. ಸೀಳಿದ ಪೈಪಿನ ಬೆಲೆ ನಾವೂ ಕೇಳಿರಲಿಲ್ಲ. ಜುಲೈ 20ಕ್ಕೆ ದುಡ್ಡು ಖಾತೆಗೆ ಬಿತ್ತು, 94 ದಿನಕ್ಕೆ.

ಅಷ್ಟಕ್ಕೂ ಬಗೆಹರಿಯದಿದ್ದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ (ವಿಮೆಯ ದೂರು ಕೇಳಿ ತೀರ್ಮಾನ ಕೊಡುವ ಅಧಿಕಾರಿ) ಕಚೇರಿ ಇದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ದೂರು ಕೇಳುತ್ತಾರೆ. ಆದರೆ ಮೊದಲು ಕಂಪನಿಗೆ ಬರೆದು ಕೊಟ್ಟಿರಬೇಕು. ನಮಗೆ ಅಲ್ಲಿಗೆ ಹೋಗುವ ಪ್ರಸಂಗ ಬರಲಿಲ್ಲ.

ಪಟ್ಟಿಗೆ ಸೇರಿಸದ ಒಂದು ವಸ್ತು ಇತ್ತು. ನಮ್ಮ ಅವ್ವ ಹಳೆ ಇಳಕಲ್ ಸೀರೆಗಳಿಂದ ನನ್ನ ಬಾಣಂತನಕ್ಕೆ ಹೊಲಿದ ಕೌದಿ. ಕಪಾಟಿನ ಕೆಳಗಿನ ಖಾನೆಯಲ್ಲಿತ್ತು. ಕೆಂಪು ಬಣ್ಣ ಬಿಟ್ಟು ಎಲ್ಲ ತುಂಡುಗಳಿಗೂ ಹತ್ತಿದೆ. ಅದಕ್ಕೆ ಎಷ್ಟು ಅಂತ ಬರೆಯುವುದು? ಮೂರು ಸಲ ತೊಳೆದು ಒಣಗಿಸಿದ್ದೇನೆ. ಮಗಳು ಅದನ್ನೇ ಹೊದ್ದು ಮಲಗುತ್ತಾಳೆ.

ಆಗಸ್ಟಿನಲ್ಲಿ ಪಾಲಿಸಿ ನವೀಕರಿಸಬೇಕು. ಇದೇ ಪಾಲಿಸಿಯನ್ನೇ ಮಾಡಿಸುತ್ತೇವೆ, ಕಂಪನಿ ಮಾತ್ರ ಬೇರೆ. ಬ್ಯಾಂಕಿಗೆ ಬರೆದು ಕೊಟ್ಟಾಗಿದೆ, ಒಪ್ಪಿದ್ದಾರೆ. ಮನೆಯ ಏಳೂ ಕನೆಕ್ಷನ್ ಪೈಪ್ ತೆಗೆಸಿ ಸ್ಟೀಲ್ ಹೆಣಿಗೆಯವು ಹಾಕಿಸಿದೆವು. ಊರಿಗೆ ಹೋಗುವಾಗ ಟಾಕಿಯ ಕೆಳಗಿನ ವಾಲ್ವ್ ಬಂದ್ ಮಾಡುತ್ತೇವೆ, ಪಕ್ಕದ ಅಕ್ಕನಿಗೆ ಒಳಗಿನ ಕೀಲಿಯನ್ನೂ ಕೊಟ್ಟು ಹೋಗುತ್ತೇವೆ.