ಪೋಸ್ಟ್‌ಗ್ರೆಸ್‌ನ ಲಿಸನ್-ನೋಟಿಫೈ: ಹೋಟೆಲ್ ಅಡುಗೆಮನೆಗೆ ಸಾಕೇ?

ಮುಂಬೈನ ಮಾಟುಂಗದ ಉಡುಪಿ ಹೋಟೆಲಿನಂಥ ಕಡೆ ಆರ್ಡರ್ ಬಿದ್ದ ಕೂಡಲೇ ಅಡುಗೆಮನೆಯ ಪರದೆಗೆ ಬರಬೇಕೆಂದರೆ, ಎರಡೆರಡು ಸೆಕೆಂಡಿಗೆ ಡೇಟಾಬೇಸನ್ನು ಕೆದಕುವುದಕ್ಕಿಂತ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಲಿಸನ್-ನೋಟಿಫೈ (ನೋಟಿಫೈ ಎಂದು ಕಳಿಸಿದ ಸಂದೇಶ, ಲಿಸನ್ ಎಂದು ಕಾದಿರುವವರಿಗೆ ತಲುಪುವ ಸೌಲಭ್ಯ) ಎಷ್ಟೋ ವಾಸಿ. ಡೇಟಾಬೇಸಿನ ಆರ್ಡರ್ ಟೇಬಲ್ಲಿಗೊಂದು ಟ್ರಿಗರ್ (ಹೊಸ ಆರ್ಡರ್ ಸೇರಿದಾಗ ತಾನಾಗಿ ಓಡುವ ಕೋಡ್), ಅದರೊಳಗೆ ಸಂದೇಶ ಕಳಿಸುವ ಪಿಜಿ_ನೋಟಿಫೈ ಫಂಕ್ಷನ್, ಅಷ್ಟೇ. ಸಂದೇಶ ಹೊರಡುವುದು ಆರ್ಡರ್ ಕಮಿಟ್ ಆದ (ಡೇಟಾಬೇಸಿನಲ್ಲಿ ಖಾಯಂ ಆದ) ಮೇಲೆ. ರೋಲ್‌ಬ್ಯಾಕ್ ಆದ (ಖಾಯಂ ಆಗುವ ಮೊದಲೇ ರದ್ದಾದ) ಮಸಾಲೆದೋಸೆ ಕಾವಲಿ ಏರುವುದಿಲ್ಲ! ಪೇಲೋಡ್ (ಸಂದೇಶದ ಜೊತೆ ಹೋಗುವ ಪಠ್ಯ) 8000 ಬೈಟಿಗಿಂತ ಕಡಿಮೆ ಇರಬೇಕು. ಇಡೀ ಬಿಲ್ ತುರುಕದೆ ಆರ್ಡರ್ ಸಂಖ್ಯೆ ಮಾತ್ರ ಕಳಿಸಿ.

ದೊಡ್ಡ ಕೊರತೆಯೆಂದರೆ, ಸಂಪರ್ಕ ಕಡಿದಿದ್ದಾಗ ಹೊರಟ ಸಂದೇಶ ಹೋಯಿತೆಂದೇ ಲೆಕ್ಕ. ಮತ್ತೆ ಸೇರಿದೊಡನೆ ಮೊದಲು ಲಿಸನ್, ಆಮೇಲೆ ಬಾಕಿ ಆರ್ಡರುಗಳ ಕ್ವೆರಿ. ಕ್ರಮ ತಿರುಗಿಸಿದರೆ ನಡುವೆ ಬಿದ್ದದ್ದು ತಪ್ಪಿಹೋಗುತ್ತದೆ. ಡೇಟಾಬೇಸ್ ಸಂಪರ್ಕಗಳನ್ನು ಹಂಚಿಕೊಡುವ ಪಿಜಿಬೌನ್ಸರ್‌ನ ಟ್ರಾನ್ಸಾಕ್ಷನ್ ಪೂಲಿಂಗ್‌ನಲ್ಲಿ (ಪ್ರತಿ ವಹಿವಾಟಿಗೂ ಸಂಪರ್ಕ ಬದಲಾಗಬಹುದಾದ ಬಗೆ) ಲಿಸನ್ ನಡೆಯದು, ನೇರ ಸಂಪರ್ಕ ಇಲ್ಲವೇ ಸೆಷನ್ ಪೂಲಿಂಗ್ ಬೇಕು. ಚಾನೆಲ್ (ಸಂದೇಶ ಹರಿಯುವ ದಾರಿ) ಹೆಸರನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲೇ ಇಡಿ: ಉದ್ಧರಣ ಚಿಹ್ನೆಯಿಲ್ಲದಿದ್ದರೆ ಲಿಸನ್ ದೊಡ್ಡಕ್ಷರವನ್ನು ಸಣ್ಣದಾಗಿಸುತ್ತದೆ, ಪಿಜಿ_ನೋಟಿಫೈ ಹಾಗೆ ಮಾಡುವುದಿಲ್ಲ.