ಆರಿಂಚಿನ ದೂರದರ್ಶಕದ ಕನ್ನಡಿ ಕಿಟ್: ಗಾಜು ಉತ್ತಮ, ಅಳತೆಯ ಹಾಳೆ ನಂಬುವಂತಿಲ್ಲ

ನ್ಯೂಟನ್ ಮಾದರಿಯ ದೂರದರ್ಶಕವನ್ನು ಮನೆಯಲ್ಲೇ ಕಟ್ಟುವವರಿಗಾಗಿ ಮಾರುವ 6 ಇಂಚಿನ ಕನ್ನಡಿ ಕಿಟ್ ಒಂದನ್ನು ಕಳೆದ ದೀಪಾವಳಿಯ ಹೊತ್ತಿಗೆ ಕಾರವಾರಕ್ಕೆ ತರಿಸಿಕೊಂಡಿದ್ದೆ. 150 ಮಿ.ಮೀ. ವ್ಯಾಸದ ಪ್ರಧಾನ ಕನ್ನಡಿ, ಅದರಿಂದ ಬರುವ ಬೆಳಕನ್ನು ಪಕ್ಕಕ್ಕೆ ತಿರುಗಿಸುವ 35 ಮಿ.ಮೀ. ಅಗಲದ ಅಂಡಾಕಾರದ ಚಪ್ಪಟೆ ಕನ್ನಡಿ, ಅವನ್ನು ಕೂರಿಸುವ ಲೋಹದ ಚೌಕಟ್ಟುಗಳು ಮತ್ತು ಅಳತೆಗಳ ಒಂದು ಹಾಳೆ ಅದರಲ್ಲಿದ್ದವು. ಕೊಳವೆ ಮತ್ತು ಐಪೀಸನ್ನು (ಕಣ್ಣಿಟ್ಟು ನೋಡುವ ಮಸೂರ) ಹಿಡಿದು ಒಳಹೊರಗೆ ಸರಿಸುವ ಫೋಕಸರ್ ನಾವೇ ಹೊಂದಿಸಿಕೊಳ್ಳಬೇಕು.

ಹಾಳೆಯ ಪ್ರಕಾರ ಸಂಗಮದೂರ, ಅಂದರೆ ಪ್ರಧಾನ ಕನ್ನಡಿಯಿಂದ ದೂರದ ವಸ್ತುವಿನ ಬಿಂಬ ಮೂಡುವ ಜಾಗಕ್ಕಿರುವ ದೂರ, 1200 ಮಿ.ಮೀ. ಕೊಳವೆಗೆ ಫೋಕಸರಿನ ತೂತು ಕೊರೆಯುವ ಮೊದಲು ಅದನ್ನೊಮ್ಮೆ ಪರೀಕ್ಷಿಸೋಣವೆಂದು ಟೆರೇಸಿನಲ್ಲಿ ಕನ್ನಡಿಯನ್ನು ಹುಣ್ಣಿಮೆಯ ಚಂದ್ರನತ್ತ ತಿರುಗಿಸಿ, ಸುಮಾರು 11 ಮಿ.ಮೀ.ನಷ್ಟು ಪುಟ್ಟ ಬಿಂಬ ಕಾಗದದ ಮೇಲೆ ಅಂಚು ಕಟ್ಟಿ ನಿಲ್ಲುವ ಜಾಗವನ್ನು ಮೂರು ಸಲ ಅಳೆದೆ. ಮೂರು ಸಲವೂ ಸಿಕ್ಕಿದ್ದು 1178. ನನ್ನ ಕೊಳವೆಯ ಅರ್ಧವ್ಯಾಸ 90, ಅಲ್ಲಿಂದ ಐಪೀಸಿನ ತನಕ 100. ಈ 190ನ್ನು ಕಳೆದರೆ ಎರಡು ಕನ್ನಡಿಗಳ ನಡುವೆ ಇರಬೇಕಾದ ಅಂತರ 988 ಮಿ.ಮೀ. ಹಾಳೆಯನ್ನು ನಂಬಿ 1010ಕ್ಕೆ ಕೊರೆದಿದ್ದರೆ ಬಿಂಬ 22 ಮಿ.ಮೀ. ಒಳಗೇ ಉಳಿಯುತ್ತಿತ್ತು, ಒಳಕ್ಕೆ 15 ಮಿ.ಮೀ. ಮಾತ್ರ ಸರಿಯುವ ನನ್ನ ಫೋಕಸರ್ ಅದನ್ನು ಎಂದೂ ಮುಟ್ಟುತ್ತಿರಲಿಲ್ಲ. ಹಣ ಕೊಟ್ಟು ಕೊಂಡವರಿಗೆ ಇದು ಸಣ್ಣ ತಪ್ಪಲ್ಲ.

ಪ್ರಧಾನ ಕನ್ನಡಿಯ ನಡುವೆ ಗುರುತು ಇಲ್ಲದಿರುವುದು ಇನ್ನೊಂದು ಕೊರತೆ. ಕನ್ನಡಿಯಷ್ಟೇ ಅಗಲದ ಕಾಗದದ ವೃತ್ತವನ್ನು ನಾಲ್ಕಾಗಿ ಮಡಿಸಿ ಕೇಂದ್ರ ಕಂಡುಕೊಂಡು, ಫೈಲಿನ ತೂತಿಗೆ ಅಂಟಿಸುವ ಕಾಗದದ ಉಂಗುರವನ್ನು ಅಲ್ಲಿಗೆ ಅಂಟಿಸಿದೆ. ಆ ಭಾಗ ಹೇಗೂ ಚಪ್ಪಟೆ ಕನ್ನಡಿಯ ನೆರಳಿನಲ್ಲಿರುವುದರಿಂದ ಬೆಳಕೇನೂ ನಷ್ಟವಾಗದು. ಅನಂತರ ಎರಡೂ ಕನ್ನಡಿಗಳನ್ನು ಒಂದಕ್ಕೊಂದು ಹೊಂದಿಸಲು ಫೋಕಸರಿಗೆ 2 ಮಿ.ಮೀ. ರಂಧ್ರದ ಮುಚ್ಚಳ ಹಾಕಿ ನೋಡುತ್ತ, ಮೊದಲು ಚಪ್ಪಟೆ ಕನ್ನಡಿ ದುಂಡಾಗಿ ನಟ್ಟನಡುವೆ ಕಾಣುವಂತೆ ಸರಿಸಿ, ಪ್ರಧಾನ ಕನ್ನಡಿಯ ಮೂರು ಕ್ಲಿಪ್ಪುಗಳೂ ಸಮನಾಗಿ ತೋರುವವರೆಗೆ ಚಪ್ಪಟೆ ಕನ್ನಡಿಯನ್ನು ಓರೆ ಮಾಡಿದೆ. ಕೊನೆಗೆ ಪ್ರಧಾನ ಕನ್ನಡಿಯ ಬೆನ್ನಿನ ತಿರುಪುಗಳನ್ನು ತಿರುಗಿಸಿ ರಂಧ್ರದ ಪ್ರತಿಬಿಂಬವನ್ನು ಉಂಗುರದೊಳಗೆ ತಂದೆ. ಈ ಕ್ರಮವನ್ನು ಹಿಂದುಮುಂದು ಮಾಡಿದರೆ ಇಡೀ ಸಂಜೆ ವ್ಯರ್ಥವಾಗುತ್ತದೆ.

ಚೌಕಟ್ಟಿನ ಸ್ಪ್ರಿಂಗುಗಳು ಮೆತ್ತಗಿವೆ. ಕಾಳಿ ಸೇತುವೆ ದಾಟಿ ದೇವಬಾಗಕ್ಕೆ ಒಯ್ಯುವಷ್ಟರಲ್ಲೇ ಹೊಂದಾಣಿಕೆ ಕದಲಿತ್ತು; ಗಟ್ಟಿ ಸ್ಪ್ರಿಂಗು ಹಾಕಿದ ಮೇಲೆ ಆ ತೊಂದರೆ ನಿಂತಿತು. ಕಡಲ ಉಪ್ಪುಗಾಳಿಗೆ ತುಕ್ಕು ಹಿಡಿಯತೊಡಗಿದ ತಿರುಪುಗಳನ್ನು ಸ್ಟೇನ್‌ಲೆಸ್ ಸ್ಟೀಲಿಗೆ ಬದಲಾಯಿಸಿದೆ.

ಗಾಜಿನ ಬಗ್ಗೆ ಮಾತ್ರ ದೂರಿಲ್ಲ. ಡಿಸೆಂಬರಿನ ಒಂದು ರಾತ್ರಿ ಮಹಾವ್ಯಾಧದ ನೀಹಾರಿಕೆಯೊಳಗಿನ ನಾಲ್ಕು ನಕ್ಷತ್ರಗಳು ಬಿಡಿಬಿಡಿಯಾಗಿ, ಸೂಜಿಮೊನೆಯಷ್ಟು ಸ್ಪಷ್ಟವಾಗಿ ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಕನ್ನಡಿಗಳಿಗಾಗಿ ಈ ಕಿಟ್ ಕೊಳ್ಳಬಹುದು. ಆದರೆ ಪ್ರತಿ ಕನ್ನಡಿಯ ಸಂಗಮದೂರವನ್ನು ಅಳೆದು ಅದರ ಬೆನ್ನಿನ ಮೇಲೆಯೇ ಬರೆದು ಕಳುಹಿಸುವುದು ಮಾರುವವರ ಹೊಣೆ.