ಕನ್ನಡ ಡಿಟಿಪಿ ಕೋರ್ಸ್: ಎಂ.ಎ. ಬದಲಿಗೆ ಇದು ಸಾಕಾ?

ಐಚ್ಛಿಕ ಕನ್ನಡ ತೆಗೆದುಕೊಂಡು ಬಿ.ಎ. ಮುಗಿಸಿದವರಿಗೆಲ್ಲ ಇದೇ ತಲೆನೋವು. ಎರಡು ವರ್ಷ ಎಂ.ಎ. ಓದಬೇಕಾ, ಇಲ್ಲ ನಾಲ್ಕು ತಿಂಗಳ ಡಿಟಿಪಿ (ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಜೋಡಿಸುವ ಕೆಲಸ) ಕಲಿತು ಕೆಲಸಕ್ಕೆ ಸೇರಬೇಕಾ? ನಾನು ಎರಡನೆಯದನ್ನು ಮಾಡಿದೆ, ಬೆಂಗಳೂರಿನ ಒಂದು ಸಣ್ಣ ಸೆಂಟರಿನಲ್ಲಿ. ಹೆಸರು ಬೇಡ ಬಿಡಿ, ಇಂಥ ಸೆಂಟರುಗಳು ಬೇಕಾದಷ್ಟಿವೆ. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಅದರಲ್ಲಿ ಎರಡು ಬರೀ ಟೈಪಿಂಗಿಗೆ.

ಟೈಪಿಂಗ್ ನಿಜವಾಗಿಯೂ ಚೆನ್ನಾಗಿ ಕಲಿಸುತ್ತಾರೆ. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ, ಒತ್ತಕ್ಷರ ಬೇಕಾದರೆ ನಡುವೆ ಎಫ್ ಕೀ ಒತ್ತಬೇಕು. ಮೊದಲು ಸಿಟ್ಟು ಬರುತ್ತದೆ, ಆಮೇಲೆ ಬೆರಳು ತಾನಾಗಿ ಓಡುತ್ತದೆ. ನಮ್ಮ ಮೇಡಂ ಕೀಬೋರ್ಡಿನ ಮೇಲೆ ಕರ್ಚೀಫ್ ಹಾಕಿ ಟೈಪ್ ಮಾಡಿಸುತ್ತಿದ್ದರು, ಬೈದುಕೊಂಡೇ ಕಲಿತೆವು.

ಬೇಜಾರಾಗುವುದು ಅದರ ಮುಂದೆ. ಕೋರ್ಸಿನ ಅರ್ಧ ಭಾಗ ಪುಟ ಜೋಡಿಸುವ ಹಳೇ ತಂತ್ರಾಂಶ ಪೇಜ್‌ಮೇಕರ್! ಅದರ ಕೊನೆಯ ಆವೃತ್ತಿ ಬಂದಿದ್ದು 2001ರಲ್ಲಿ. ಸುಮ್ನೆ ಕಲಿಸುತ್ತಾರೆ ಅಂತಲ್ಲ, ಸಣ್ಣ ಪ್ರೆಸ್ಸುಗಳಲ್ಲಿ ಹಳೇ ಫೈಲು, ಹಳೇ ಫಾಂಟು ಎಲ್ಲ ಅದರಲ್ಲೇ ಇವೆ, ಹಾಗಾಗಿ ಗೊತ್ತಿರಬೇಕು. ಆದರೆ ಅದಕ್ಕೆ ಯೂನಿಕೋಡ್, ಅಂದರೆ ಈಗ ಫೋನು, ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಸಂಕೇತ, ಗೊತ್ತಿಲ್ಲ. ಈಗ ಲೇಖಕರು ಫೋನಿನಲ್ಲಿ ಬರೆದು ವಾಟ್ಸಾಪಿನಲ್ಲಿ ಕಳಿಸುವುದೆಲ್ಲ ಯೂನಿಕೋಡ್, ಅದನ್ನು ಆಸ್ಕಿಗೆ (ಹಳೇ ಫಾಂಟುಗಳ ಸಂಕೇತಕ್ಕೆ) ಬದಲಾಯಿಸಿ ಪೇಜಿಗೆ ಹಾಕಬೇಕು, ಬದಲಾಯಿಸುವಾಗ ಎಲ್ಲೋ ಒಂದು ಅರ್ಕಾವತ್ತು ಹಾರಿಹೋಗಿರುತ್ತದೆ, ಇನ್ನೆಲ್ಲೋ ಒತ್ತು ಪಕ್ಕದ ಅಕ್ಷರಕ್ಕೆ ಅಂಟಿಕೊಂಡಿರುತ್ತದೆ, ಅದನ್ನೆಲ್ಲ ಕೂತು ಹುಡುಕಬೇಕಾದವರು ನಾವೇ. ಪೇಜ್‌ಮೇಕರಿನ ಜಾಗಕ್ಕೆ ಬಂದ ಇನ್‌ಡಿಸೈನಿನಲ್ಲಿ ಯೂನಿಕೋಡ್ ನೇರವಾಗಿ ನಡೆಯುತ್ತದೆ. ಆದರೆ ವರ್ಲ್ಡ್-ರೆಡಿ ಕಂಪೋಸರ್ ಅನ್ನುವ ಸೆಟ್ಟಿಂಗ್ ಆಯ್ಕೆ ಮಾಡದಿದ್ದರೆ ಒತ್ತಕ್ಷರ ಒಡೆದು ಬರಬಹುದು. ಇದನ್ನು ಸೆಂಟರಿನಲ್ಲಿ ಯಾರೂ ಹೇಳಲಿಲ್ಲ. ಇನ್‌ಡಿಸೈನ್ ಅನ್ನು ಕೊನೆಯಲ್ಲಿ ಓಡಿಸಿಬಿಟ್ಟರು. ಪ್ರೆಸ್ಸಿಗೆ ಸೇರಿದ ಮೇಲೆ ಅಲ್ಲಿನ ಅಣ್ಣ ಒಬ್ಬರು ತೋರಿಸಿಕೊಟ್ಟರು. ಡೆಮಿ ಸೈಜ್ ಅಂದರೇನು, ಪುಸ್ತಕವನ್ನು 16 ಪುಟದ ಫಾರಂ (ಒಂದು ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳು) ಲೆಕ್ಕದಲ್ಲಿ ಯಾಕೆ ಹೊಂದಿಸುತ್ತಾರೆ, ಎರಡು ಪುಟ ಜಾಸ್ತಿಯಾದರೆ ಪ್ರಕಾಶಕರು ಯಾಕೆ ಮುಖ ಸಿಂಡರಿಸುತ್ತಾರೆ ಅನ್ನುವುದನ್ನೂ ಅವರೇ ಕಲಿಸಿದ್ದು. ಫೀಸು ಕಟ್ಟಿದ್ದು ಮಾತ್ರ ಸೆಂಟರಿಗೆ, ನೋಡಿ.

ಕೆಲಸ ಸಿಗುತ್ತಾ ಅಂದರೆ, ಸಿಗುತ್ತದೆ. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗಳಿಂದ ಹಿಡಿದು ಪುಸ್ತಕ ಪ್ರಕಾಶನದವರೆಗೆ ಕನ್ನಡ ಟೈಪ್ ಮಾಡುವವರು ಬೇಕೇ ಬೇಕು. ಆದರೆ ಪುಟಕ್ಕಿಷ್ಟು ಅಂತ ದುಡ್ಡು, ಅದೂ ಕಮ್ಮಿ. ಇಲ್ಲಿ ನನಗೆ ಸ್ಪಷ್ಟವಾಗಿದ್ದು ಏನೆಂದರೆ, ಬರೀ ಟೈಪ್ ಮಾಡುವವರ ರೇಟು ಬೇಗ ನಿಂತುಬಿಡುತ್ತದೆ, ಟೈಪ್ ಮಾಡುತ್ತಲೇ ಕರಡು ತಿದ್ದುವವರನ್ನು ಹೆಸರು ಹಿಡಿದು ಕರೆಯುತ್ತಾರೆ. ನಮ್ಮ ಬ್ಯಾಚಿನಲ್ಲಿ ನನಗಿಂತ ವೇಗವಾಗಿ ಟೈಪ್ ಮಾಡುವ ಹುಡುಗ ಇದ್ದ. ಅಲ್ಪಪ್ರಾಣ ಮಹಾಪ್ರಾಣ ಅವನಿಗೆ ಎರಡೂ ಒಂದೇ. ವಚನ ಸಂಕಲನದ ಕೆಲಸ ಬಂದಾಗ ಅದು ನನ್ನ ಟೇಬಲಿಗೆ ಬಂತು. ಬಿ.ಎ.ಯಲ್ಲಿ ಓದಿದ ಹಳಗನ್ನಡ, ಛಂದಸ್ಸು ಅಲ್ಲಿ ಕೂಳು ಹಾಕಿತು.

ಹಾಗಾದರೆ ಎಂ.ಎ. ಬೇಡವಾ? ಮೇಷ್ಟ್ರು ಆಗಬೇಕು ಅನ್ನುವವರು ಈ ಕೋರ್ಸಿನ ಕಡೆ ತಿರುಗಿಯೂ ನೋಡಬೇಡಿ. ಸರ್ಕಾರಿ ಪಿಯು ಉಪನ್ಯಾಸಕರಾಗಲು ಸ್ನಾತಕೋತ್ತರ ಪದವಿಯ ಜೊತೆಗೆ ಬಿ.ಎಡ್. ಬೇಕು. ಡಿಗ್ರಿ ಕಾಲೇಜಿಗಾದರೆ ಎಂ.ಎ. ಮೇಲೆ ನೆಟ್, ಕೆ-ಸೆಟ್ (ಉಪನ್ಯಾಸಕರ ಅರ್ಹತಾ ಪರೀಕ್ಷೆಗಳು) ಅಥವಾ ಪಿಎಚ್.ಡಿ. ನೆಟ್ ಬರೆಯುವುದಕ್ಕೇ ಸಾಮಾನ್ಯ ವರ್ಗದವರಿಗೆ ಎಂ.ಎ.ಯಲ್ಲಿ 55 ಪರ್ಸೆಂಟ್ ಇರಬೇಕು. ಡಿಟಿಪಿ ಸರ್ಟಿಫಿಕೇಟಿಗೆ ಅಲ್ಲಿ ಮೂರು ಕಾಸಿನ ಬೆಲೆ ಇಲ್ಲ. ಆದರೆ ಎಂ.ಎ. ಮಾಡಿದ ತಕ್ಷಣ ಹುದ್ದೆ ಕಾದು ಕೂತಿರುತ್ತದೆ ಅಂತಲೂ ಅಂದುಕೊಳ್ಳಬೇಡಿ. ನೇಮಕಾತಿ ಅಧಿಸೂಚನೆ ಬರುವುದಕ್ಕೆ ಬಾಯಿ ಬಿಟ್ಟುಕೊಂಡು ಕಾಯಬೇಕು, ಅಷ್ಟರಲ್ಲಿ ಅತಿಥಿ ಉಪನ್ಯಾಸಕರಾಗಿ ವರ್ಷಗಳು ಕಳೆದಿರುತ್ತವೆ. ಇನ್ನೊಂದು ತಮಾಷೆ, ಎಂ.ಎ.ಯಲ್ಲಿ ಗ್ರಂಥಸಂಪಾದನೆ ಅಂತ ಪಾಠ ಇರುತ್ತದೆ, ತಾಳೆಗರಿಯ ಪಾಠಾಂತರ ಎಲ್ಲ ಓದುತ್ತಾರೆ, ಓದಿ ಬಂದ ನನ್ನ ಗೆಳತಿಗೆ ಪ್ರೂಫ್ ತಿದ್ದುವ ಗುರುತುಗಳೇ ಗೊತ್ತಿರಲಿಲ್ಲ.

ನನ್ನ ಮಟ್ಟಿಗೆ ಸರಿ ಕಂಡ ದಾರಿ, ಮೊದಲು ಕೋರ್ಸ್, ಕೆಲಸ ಮಾಡುತ್ತಲೇ ದೂರಶಿಕ್ಷಣದಲ್ಲಿ ಎಂ.ಎ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಇದೆ. ಮಧ್ಯೆ ಅದರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆ ಹೋಗಿ 2018ರಲ್ಲಿ ವಾಪಸ್ ಬಂತು, ಹಾಗಾಗಿ ಯಾವುದೇ ದೂರಶಿಕ್ಷಣಕ್ಕೆ ಸೇರುವ ಮುಂಚೆ ಆ ವರ್ಷದ ಮಾನ್ಯತೆ ಇದೆಯಾ ಅಂತ ಯುಜಿಸಿ ಪಟ್ಟಿ ನೋಡಿಕೊಳ್ಳಿ. ಕೈಯಲ್ಲಿ ದುಡ್ಡಿದ್ದು, ಮನೆಯಲ್ಲಿ ಅವಸರ ಇಲ್ಲದಿದ್ದರೆ ಕಾಲೇಜಿಗೇ ಹೋಗಿ ಓದಿ, ಲೈಬ್ರರಿಯ ಸುಖ ಬೇರೆಯೇ.

ಡಿಟಿಪಿ ಸೆಂಟರಿಗೆ ಸೇರುವವರು ಒಂದು ಡೆಮೊ ಕ್ಲಾಸ್ ಕೇಳಿ. ಇನ್‌ಡಿಸೈನ್ ಎಷ್ಟು ದಿನ ಕಲಿಸುತ್ತೀರಿ ಅಂತ ಬಾಯಿಬಿಟ್ಟು ಕೇಳಿ. ನಮ್ಮಲ್ಲಿ ಸಂಜೆ ಬ್ಯಾಚಿನಲ್ಲಿ ಒಂದು ಕಂಪ್ಯೂಟರಿಗೆ ಇಬ್ಬರು, ಕರೆಂಟ್ ಹೋದರೆ ಯುಪಿಎಸ್ ಕೂಡ ಇರಲಿಲ್ಲ. ಬೆಳಗಿನ ಬ್ಯಾಚೇ ವಾಸಿ.